ಕಾರು ಗುಜರಿಗೆ ಹೋಯಿತು, ಆರ್‌ಸಿ ಎಲ್ಲಿಗೆ ಹೋಯಿತು?

ಕಳೆದ ವರ್ಷ ಜುಲೈ ತಿಂಗಳು. ನನಗೆ ಸೆಮ್ ರಜೆ. ಒಂದು ಭಾನುವಾರ ಜಡಿಮಳೆಗೆ ವಿಟ್ಲದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ನನ್ನ ಮಾವನ ಕಾರು ಜಾರಿ, ಸೀದಾ ಹೋಗಿ ಒಂದು ಕೆಂಪು ಕಲ್ಲಿನ ಕಂಪೌಂಡಿಗೆ ಗುದ್ದಿತು. ಮಾವ, ಅತ್ತೆ ಇಬ್ಬರೂ ಸೀಟ್ ಬೆಲ್ಟ್ ಹಾಕಿದ್ದರು, ಏರ್‌ಬ್ಯಾಗ್ ತೆರೆದುಕೊಂಡಿತು, ದೇವರ ದಯೆ, ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಕಾರಿನ ಮುಂದಿನ ಅರ್ಧ ಮಡಚಿಹೋಗಿತ್ತು.

ನಾಲ್ಕು ದಿನ ಬಿಟ್ಟು ಮಾವ ಒಂದು ಫೈಲ್ ತಂದು ನನ್ನ ಎದುರು ಇಟ್ಟರು. "ನೀನು ಇಂಜಿನಿಯರಿಂಗ್ ಓದುದಲ್ವಾ? ಇದೊಂದು ಓದಿ ಎಂತ ಅಂತ ಹೇಳು ಮಾರಾಯ. ಟೋಟಲ್ ಲಾಸ್ ಅಂತೆ."

ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಆದರೂ ಆ ಪಾಲಿಸಿಯ ಇಂಗ್ಲಿಷ್ ನನಗೆ ಒಂದು ಸಾಲೂ ಅರ್ಥ ಆಗಲಿಲ್ಲ. ಹದಿನೈದು ದಿನ ಕೂತು ಓದಿದೆ, ಗ್ಯಾರೇಜಿನವರ ಹತ್ತಿರ ಕೇಳಿದೆ, ಸರ್ವೇಯರ್ ಹತ್ತಿರ ಬೈಸಿಕೊಂಡೆ. ಅಷ್ಟು ಮಾಡಿ ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೆಯುತ್ತಿದ್ದೇನೆ. ಇನ್ನು ಎರಡು ವರ್ಷದಲ್ಲಿ ನಮ್ಮಲ್ಲಿ ತುಂಬಾ ಜನ ಕೆಲಸಕ್ಕೆ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಕಾರಾದರೂ ತೆಗೆದುಕೊಳ್ಳುತ್ತೇವೆ. ಆಗ ಉಪಯೋಗಕ್ಕೆ ಬರಬಹುದು.

ಮೊದಲ ಪಾಠ: ಐಡಿವಿ

ಕಾರಿನ ಪಾಲಿಸಿ ಪತ್ರದಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ವಿಮೆಗಾಗಿ ಘೋಷಿಸಿದ ಕಾರಿನ ಬೆಲೆ. ಕಾರು ಪೂರ್ತಿ ಹಾಳಾದರೆ ಅಥವಾ ಕಳವಾದರೆ ಸಿಗುವ ಹಣಕ್ಕೆ ಇದೇ ಆಧಾರ. ನಾವು ಶೋರೂಮಿನಲ್ಲಿ ಕೊಟ್ಟ ಹಣ ಅಲ್ಲ. ಅದರಲ್ಲಿ ರೋಡ್ ಟ್ಯಾಕ್ಸ್, ರಿಜಿಸ್ಟ್ರೇಶನ್ ಎಲ್ಲ ಸೇರಿರುತ್ತದೆ, ಐಡಿವಿಯಲ್ಲಿ ಅದು ಇರುವುದಿಲ್ಲ.

ಲೆಕ್ಕ ಹೀಗೆ. ಪಾಲಿಸಿ ಶುರುವಾಗುವ ದಿನ ಆ ಮಾಡೆಲ್‌ಗೆ ತಯಾರಕರ ಪಟ್ಟಿ ಬೆಲೆ ಎಷ್ಟೋ, ಅದರಿಂದ ಕಾರಿನ ವಯಸ್ಸಿಗೆ ಸರಿಯಾಗಿ ಸವಕಳಿ ಕಳೆಯುವುದು:

6 ತಿಂಗಳ ಒಳಗೆ: ಶೇ. 5
6 ತಿಂಗಳಿಂದ 1 ವರ್ಷ: ಶೇ. 15
1ರಿಂದ 2 ವರ್ಷ: ಶೇ. 20
2ರಿಂದ 3 ವರ್ಷ: ಶೇ. 30
3ರಿಂದ 4 ವರ್ಷ: ಶೇ. 40
4ರಿಂದ 5 ವರ್ಷ: ಶೇ. 50

5 ವರ್ಷ ದಾಟಿದರೆ ವಿಮಾ ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಂಡ ಬೆಲೆ. ಈ ಪಟ್ಟಿ 2002ರ ಜುಲೈಯಲ್ಲಿ ಜಾರಿಗೆ ಬಂದ ಮೋಟಾರ್ ಟ್ಯಾರಿಫ್‌ನದ್ದು. 2007ರಿಂದ ಸ್ವಂತ ಕಾರಿನ ಹಾನಿಯ ಪ್ರೀಮಿಯಂ ಎಷ್ಟು ಅಂತ ಕಂಪನಿಗಳೇ ತೀರ್ಮಾನಿಸಬಹುದು ಅಂತಾಯಿತು. ಆದರೆ ಪಾಲಿಸಿಯ ಮೂಲ ಮಾತುಗಳು ಹೆಚ್ಚುಕಡಿಮೆ ಹಾಗೇ ಉಳಿದವು.

ಮಾವನ ಕಾರಿನ ಪಟ್ಟಿ ಬೆಲೆ 8 ಲಕ್ಷ. ಪಾಲಿಸಿ ರಿನ್ಯೂ ಮಾಡುವಾಗ ಕಾರಿಗೆ 3 ವರ್ಷ ದಾಟಿತ್ತು. ಶೇ. 40 ಹೋದರೆ ಐಡಿವಿ 4,80,000 ರೂಪಾಯಿ. ಅರ್ಥ ಆಗಲಿಕ್ಕೆ ಸುಲಭ ಅಂತ ಈ ಲೇಖನದಲ್ಲಿ ಎಲ್ಲ ಮೊತ್ತವನ್ನೂ ಸ್ವಲ್ಪ ರೌಂಡ್ ಮಾಡಿದ್ದೇನೆ.

ಎರಡನೇ ಪಾಠ: ಶೇ. 75ರ ಗೆರೆ

ಕಾರು ಸುಟ್ಟು ಬೂದಿಯಾದರೆ ಅದು ಟೋಟಲ್ ಲಾಸ್ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಮಾವನ ಕಾರಿನ ಹಿಂದಿನ ಅರ್ಧ ಹೊಸತರ ಹಾಗೆ ಇತ್ತು. ಸ್ಟೀರಿಯೋ ಕೂಡ ಹಾಡುತ್ತಿತ್ತು. ಅದು ಹೇಗೆ ಟೋಟಲ್ ಲಾಸ್?

ಪಾಲಿಸಿ ಹೇಳುವುದು: ಕಾರನ್ನು ಎತ್ತಿ ತರುವ ಮತ್ತು ರಿಪೇರಿ ಮಾಡುವ ಒಟ್ಟು ಖರ್ಚು, ಪಾಲಿಸಿಯ ಶರತ್ತುಗಳಿಗೆ ಒಳಪಟ್ಟು, ಐಡಿವಿಯ ಶೇ. 75ನ್ನು ಮೀರಿದರೆ ಅದನ್ನು ಟೋಟಲ್ ಲಾಸ್ ಅಂತಲೇ ಪರಿಗಣಿಸುವುದು. ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್ ಅಂತ ಇದರ ಹೆಸರು. ಕಾರು ಸತ್ತಿಲ್ಲ, ಆದರೆ ಅದನ್ನು ಬದುಕಿಸುವುದು ಲಾಭ ಇಲ್ಲ, ಅಷ್ಟೇ.

ಮಾವನ ಕಾರಿಗೆ ಗೆರೆ ಎಲ್ಲಿ? 4,80,000ದ ಶೇ. 75 ಅಂದರೆ 3,60,000. ಸರ್ವಿಸ್ ಸೆಂಟರಿನ ಎಸ್ಟಿಮೇಟ್ 5,20,000. ಐಡಿವಿಗಿಂತಲೇ ಜಾಸ್ತಿ! ಹಾಗಾದರೆ ವಿಷಯ ಮುಗಿಯಿತಲ್ಲ ಅಂತ ನಾನು ಹೇಳಿದೆ. ಸರ್ವೇಯರ್ ನಕ್ಕರು. "ಎಸ್ಟಿಮೇಟ್ ನೋಡಿ ಅಲ್ಲ ಮಾರಾಯ, ನಾವು ಕೊಡ್ಲಿಕ್ಕೆ ಇರುವ ಹಣ ನೋಡಿ."

"ಶರತ್ತುಗಳಿಗೆ ಒಳಪಟ್ಟು" ಅನ್ನುವ ಎರಡು ಪದ ಕೆಲಸ ಮಾಡುವುದು ಇಲ್ಲಿ. ಮಾಮೂಲಿ ಪಾಲಿಸಿಯಲ್ಲಿ ಹೊಸ ಪಾರ್ಟ್ ಹಾಕಿದರೆ ಪೂರ್ತಿ ಬೆಲೆ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ. 50 ಕಡಿತ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಕಡಿತವೇ ಇಲ್ಲ. ಲೋಹದ ಪಾರ್ಟ್‌ಗಳಿಗೆ ಕಾರಿನ ವಯಸ್ಸು ನೋಡಿ ಕಡಿತ, 3ರಿಂದ 4 ವರ್ಷದ ಕಾರಿಗೆ ಶೇ. 25. ಈಗ ಲೆಕ್ಕ ಮಾಡುವ:

ಲೋಹದ ಪಾರ್ಟ್ 2,40,000. ಶೇ. 25 ಕಳೆದರೆ 1,80,000.
ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್ 1,60,000. ಅರ್ಧ ಕಳೆದರೆ 80,000.
ಗಾಜು 30,000. ಪೂರ್ತಿ 30,000.
ಕೂಲಿ 90,000. ಪೂರ್ತಿ 90,000.

ಒಟ್ಟು 3,80,000. ಗೆರೆ ಇರುವುದು 3,60,000ದಲ್ಲಿ. ಬರೀ 20,000 ರೂಪಾಯಿಯಲ್ಲಿ ಕಾರು ಆಚೆ ಬದಿಗೆ ಬಿತ್ತು.

ಒಂದು ವೇಳೆ ಕೂಲಿ 90,000 ಅಲ್ಲ, 60,000 ಆಗಿದ್ದರೆ? ಆಗ ಒಟ್ಟು 3,50,000. ಗೆರೆಯ ಒಳಗೆ. ಕಂಪನಿ 3,50,000 ಕೊಡುತ್ತದೆ, ಪಾರ್ಟ್‌ಗಳಲ್ಲಿ ಕಡಿತ ಆದ 1,40,000 ಮಾವನೇ ಕೈಯಿಂದ ಹಾಕಿ ರಿಪೇರಿ ಮಾಡಿಸಬೇಕು. ಒಂದು ಸಣ್ಣ ಬದಲಾವಣೆಗೆ ಔಟ್‌ಪುಟ್ ಪೂರ್ತಿ ಬದಲಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಟೆಪ್ ಫಂಕ್ಷನ್. ಅದಕ್ಕೇ ಸರ್ವೇ ರಿಪೋರ್ಟ್ ಎಷ್ಟು ಮುಖ್ಯ ಅಂತ ಗೊತ್ತಾಗುವುದು. ಸರ್ವೇಯರ್ ಬರೆದ ಪಟ್ಟಿಯ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ, ಒಂದೊಂದೇ ಸಾಲು ನೋಡಿ.

ಝೀರೋ ಡೆಪ್ ಅಂತ ಜಾಸ್ತಿ ಪ್ರೀಮಿಯಂ ಕೊಟ್ಟು ತೆಗೆದುಕೊಳ್ಳುವ ಆಡ್-ಆನ್ ಇದ್ದರೆ ಈ ಪಾರ್ಟ್ ಕಡಿತ ಇಲ್ಲ. ಸಣ್ಣ ಆಕ್ಸಿಡೆಂಟಿಗೆ ಅದು ಬಹಳ ಒಳ್ಳೆಯದು. ಆದರೆ ಟೋಟಲ್ ಲಾಸ್ ಆದರೆ ಅದರಿಂದ ಐಡಿವಿ ಜಾಸ್ತಿ ಆಗುವುದಿಲ್ಲ. ಶೋರೂಮಿಗೆ ಕೊಟ್ಟ ಹಣವೇ ವಾಪಸ್ ಬೇಕಾದರೆ ರಿಟರ್ನ್ ಟು ಇನ್‌ವಾಯ್ಸ್ ಅನ್ನುವ ಬೇರೆ ಆಡ್-ಆನ್ ಉಂಟು, ಅದು ಸಾಮಾನ್ಯವಾಗಿ ಹೊಸ ಕಾರುಗಳಿಗೆ ಮಾತ್ರ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದೆ "ನಂದು ಫುಲ್ ಇನ್ಶೂರೆನ್ಸ್" ಅಂತ ಹೇಳುವವರೇ ಜಾಸ್ತಿ.

ಮೂರನೇ ಪಾಠ: ಹಣ ಯಾರ ಕೈಗೆ?

4,80,000ದಿಂದ ಕಡ್ಡಾಯ ಕಡಿತ 1,000 ರೂಪಾಯಿ. 1,500 ಸಿಸಿ ತನಕದ ಕಾರಿಗೆ ಸಾವಿರ, ಅದಕ್ಕಿಂತ ದೊಡ್ಡ ಇಂಜಿನ್ ಆದರೆ ಎರಡು ಸಾವಿರ. ಉಳಿದದ್ದು 4,79,000.

ಆದರೆ ಮಾವನ ಕಾರಿನ ಮೇಲೆ ಬ್ಯಾಂಕಿನ ಸಾಲ ಇತ್ತು, 2,70,000 ಬಾಕಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಟೋಟಲ್ ಲಾಸ್ ಹಣದಲ್ಲಿ ಮೊದಲ ಹಕ್ಕು ಬ್ಯಾಂಕಿಗೆ. ಬ್ಯಾಂಕಿನದ್ದು ತೀರಿ ಮಾವನಿಗೆ ಉಳಿದದ್ದು 2,09,000. ಬಾಕಿ ಸಾಲ ಐಡಿವಿಗಿಂತ ಜಾಸ್ತಿ ಇದ್ದರೆ? ಕಾರು ಇಲ್ಲ, ಹಣ ಇಲ್ಲ, ಆದರೂ ಇಎಂಐ ಕಟ್ಟಬೇಕು. ಪ್ರೀಮಿಯಂ ನಾಲ್ಕು ಕಾಸು ಕಮ್ಮಿ ಆಗಲಿ ಅಂತ ಐಡಿವಿ ಇಳಿಸಿ ಬರೆಸುವವರು ಇದನ್ನು ಯೋಚನೆ ಮಾಡಬೇಕು.

ಇಲ್ಲೇ ನಮಗೆ ಒಂದು ತಕರಾರು ಬಂತು. ವಿಮಾ ಕಂಪನಿಯಿಂದ ಫೋನ್ ಮಾಡಿದವರು, "ಸರ್, ನಿಮ್ಮ ಕಾರಿಗೆ ಈಗ ಮಾರ್ಕೆಟಿನಲ್ಲಿ 4,20,000 ಮಾತ್ರ, ಅಷ್ಟಕ್ಕೆ ಒಪ್ಪಿದರೆ ಬೇಗ ಸೆಟಲ್ ಮಾಡ್ತೇವೆ" ಅಂದರು. ಮಾವ ಒಪ್ಪಲಿಕ್ಕೇ ಹೊರಟಿದ್ದರು. ನಾನು ಪಾಲಿಸಿ ತೆಗೆದು ತೋರಿಸಿದೆ. ಟೋಟಲ್ ಲಾಸ್ ಕ್ಲೇಮಿನ ಮಟ್ಟಿಗೆ, ಪಾಲಿಸಿ ಅವಧಿ ಪೂರ್ತಿ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಅಂತ ಪರಿಗಣಿಸಬೇಕು, ಮತ್ತೆ ಸವಕಳಿ ಕಳೆಯಬಾರದು ಅಂತ ಅದರಲ್ಲೇ ಅಚ್ಚಾಗಿದೆ. ಆ ಸಾಲನ್ನೇ ಹಾಕಿ ಒಂದು ಇಮೇಲ್ ಬರೆದೆವು. ಎಂಟು ದಿನದಲ್ಲಿ 4,80,000ಕ್ಕೆ ಒಪ್ಪಿದರು. ಅರವತ್ತು ಸಾವಿರ ರೂಪಾಯಿ. ನನ್ನ ಜೀವನದಲ್ಲಿ ನಾನು ಬರೆದ ಅತಿ ದುಬಾರಿ ಇಮೇಲ್ ಅದು.

ಅವರು ಒಪ್ಪದೇ ಇದ್ದರೆ? ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿ ಅನಿಸದಿದ್ದರೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಮ್ಮ ರಾಜ್ಯಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಫೀಸ್ ಇಲ್ಲ, ವಕೀಲರೂ ಬೇಡ. ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗ ಉಂಟು, ನಮಗೆ ಮಂಗಳೂರು.

ನಾಲ್ಕನೇ ಪಾಠ: ಜಜ್ಜಿಹೋದ ಕಾರು ಯಾರದ್ದು?

ಪೂರ್ತಿ ಹಾಳಾದ ಕಾರಿಗೂ ಬೆಲೆ ಉಂಟು. ಮಾವನ ಕಾರಿನ ಇಂಜಿನ್‌ನ ಒಳಗೆ ಏನೂ ಆಗಿರಲಿಲ್ಲ, ಹಿಂದಿನ ಬಾಗಿಲು, ಸೀಟು, ಟೈರ್ ಎಲ್ಲ ಸರಿ ಇತ್ತು. ಹೀಗೆ ಉಳಿದದ್ದಕ್ಕೆ ಸಾಲ್ವೇಜ್ ಅಂತ ಹೆಸರು. ಕಂಪನಿಗಳು ಆನ್‌ಲೈನ್ ಹರಾಜಿಗೆ ಹಾಕಿ ಅದರ ಬೆಲೆ ಕಂಡುಹಿಡಿಯುತ್ತವೆ. ಮಾವನ ಕಾರಿಗೆ ಬಂದ ದೊಡ್ಡ ಬಿಡ್ 1,60,000.

ಈಗ ಎರಡು ದಾರಿ.

ಒಂದು: ಕಾರನ್ನು ವಿಮಾ ಕಂಪನಿಗೇ ಬಿಟ್ಟುಕೊಡುವುದು. ಅವರು 4,79,000 ಕೊಡುತ್ತಾರೆ. ಸಾಲ್ವೇಜ್ ಏನು ಮಾಡುವುದು ಅವರ ತಲೆನೋವು. ಹೆಚ್ಚಾಗಿ ಆರ್‌ಸಿ ರದ್ದು ಮಾಡಿಸಿ ಕೊಡಲಿಕ್ಕೆ ಕೇಳುತ್ತಾರೆ.

ಎರಡು: ನೆಟ್ ಆಫ್ ಸಾಲ್ವೇಜ್. ಕಂಪನಿ 1,60,000 ಹಿಡಿದುಕೊಂಡು 3,19,000 ಕೊಡುತ್ತದೆ. ಕಾರು ನಮ್ಮ ಹತ್ತಿರವೇ. ಬಿಡ್ ಹಾಕಿದವನಿಗೆ ನಾವೇ ಮಾರಿ 1,60,000 ತೆಗೆದುಕೊಳ್ಳುವುದು.

ಕೂಡಿಸಿ ನೋಡಿ, ಎರಡರಲ್ಲೂ 4,79,000. ಎರಡನೇ ದಾರಿಯಲ್ಲಿ ಕಾಗದಪತ್ರ ಕಮ್ಮಿ, ಹಣ ಬೇಗ, ಅಂತ ಎಲ್ಲರೂ ಹೇಳಿದರು. ನಾವೂ ಅದಕ್ಕೇ ಮನಸ್ಸು ಮಾಡಿದ್ದೆವು.

ಆಗ ಒಬ್ಬ ಗುಜರಿ ವ್ಯಾಪಾರಿ ಮನೆಗೇ ಬಂದರು. ಒಳ್ಳೆಯ ಮಾತುಗಾರ. ಅಂಗಳದಲ್ಲಿ ಕೂತು ಚಹಾ ಕುಡಿದು ಹೇಳಿದರು: "ಅಣ್ಣಾ, 1,60,000 ಎಂತಕ್ಕೆ, ನಾನು 1,80,000 ಕೊಡ್ತೇನೆ. ಕ್ಯಾಶ್. ಆರ್‌ಸಿ ಕೊಡಿ, ಎರಡು ಫಾರ್ಮಿಗೆ ಖಾಲಿ ಸೈನ್ ಹಾಕಿ ಕೊಡಿ, ಸಾಕು. ಬಾಕಿ ನಾನು ನೋಡಿಕೊಳ್ತೇನೆ. ಆರ್‌ಸಿ ರದ್ದು ಮಾಡಿಸಿದರೆ ಮಾತ್ರ ಇಷ್ಟು ಕೊಡ್ಲಿಕ್ಕೆ ಆಗುದಿಲ್ಲ."

ಮಾವನಿಗೆ ಖುಷಿ. ನನಗೆ ಒಂದೇ ಪ್ರಶ್ನೆ. ಕಬ್ಬಿಣ ಅದೇ, ಇಂಜಿನ್ ಅದೇ. ಒಂದು ಕಾರ್ಡಿಗೆ 20,000 ಜಾಸ್ತಿ ಯಾಕೆ?

ಐದನೇ ಪಾಠ: ಆ 20,000ದ ಅರ್ಥ

ಅಮೆರಿಕದಲ್ಲಿ ಕಾರು ಟೋಟಲ್ ಲಾಸ್ ಆದರೆ ಅದರ ಒಡೆತನದ ಪತ್ರವೇ ಬದಲಾಗುತ್ತದೆ. ಸಾಲ್ವೇಜ್ ಟೈಟಲ್ ಅಂತ ಅದರ ಮೇಲೆ ಮುದ್ರೆ ಬೀಳುತ್ತದೆ. ಯಾವಾಗ ಮುದ್ರೆ ಅನ್ನುವುದು ರಾಜ್ಯ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ ಶೇ. 75, ಟೆಕ್ಸಸ್‌ನಲ್ಲಿ ಶೇ. 100. ಆಮೇಲೆ ರಿಪೇರಿ ಮಾಡಿ ತಪಾಸಣೆ ಪಾಸಾದರೂ, ಅದು ಮರುಕಟ್ಟಿದ ಕಾರು ಅಂತ ಪತ್ರದಲ್ಲಿ ಉಳಿಯುತ್ತದೆ. ಕೊಳ್ಳುವವನಿಗೆ ಪತ್ರ ನೋಡಿದ ಕೂಡಲೇ ಗೊತ್ತಾಗುತ್ತದೆ. ಬ್ರಿಟನ್‌ನಲ್ಲಿ ಟೋಟಲ್ ಲಾಸ್ ಕಾರುಗಳಿಗೆ ಎ, ಬಿ, ಎಸ್, ಎನ್ ಅಂತ ನಾಲ್ಕು ವರ್ಗ.

ನಮ್ಮ ಆರ್‌ಸಿಯಲ್ಲಿ ಇಂಥ ಮುದ್ರೆ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 55ನೇ ಕಲಂ ಪ್ರಕಾರ, ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದ ಹಾಗೆ ಆದರೆ, ಮಾಲೀಕರು 14 ದಿನದ ಒಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆಗ ನೋಂದಣಿ ರದ್ದು. ಅಂದರೆ ನಮ್ಮಲ್ಲಿ ಇರುವುದು ಎರಡೇ ಸ್ಥಿತಿ: ಬದುಕಿರುವ ಆರ್‌ಸಿ, ಸತ್ತ ಆರ್‌ಸಿ. ನಡುವೆ "ಪೆಟ್ಟಾಗಿ ಎದ್ದು ಬಂದದ್ದು" ಅನ್ನುವ ಮೂರನೇ ಸ್ಥಿತಿ ಇಲ್ಲ. ರದ್ದು ಮಾಡದೆ ಬಿಟ್ಟರೆ, ಜಜ್ಜಿದ ಕಾರಿನ ಆರ್‌ಸಿಗೂ ಹೊಸ ಕಾರಿನ ಆರ್‌ಸಿಗೂ ನೋಡಲಿಕ್ಕೆ ವ್ಯತ್ಯಾಸವೇ ಇಲ್ಲ.

ಹಾಗಾದರೆ ಬದುಕಿರುವ ಆರ್‌ಸಿಯಿಂದ ಎಂತ ಮಾಡಬಹುದು? ಒಳ್ಳೆಯ ದಾರಿ, ಕಾರನ್ನು ನಿಜವಾಗಿ ರಿಪೇರಿ ಮಾಡಿ, ಹೆಸರು ಬದಲಿಸಿ ಓಡಿಸುವುದು. ಅದು ಕಾನೂನಿಗೆ ವಿರುದ್ಧ ಅಲ್ಲ. ಆದರೆ ಮುಂದೆ ಅದನ್ನು ಕೊಳ್ಳುವವನಿಗೆ ಹಳೆ ಕಥೆ ಗೊತ್ತಾಗುವುದಿಲ್ಲ. ಕೆಟ್ಟ ದಾರಿ, ಅದೇ ಮಾಡೆಲ್, ಅದೇ ಬಣ್ಣದ ಕದ್ದ ಕಾರಿಗೆ ಈ ನಂಬರ್ ಪ್ಲೇಟ್, ಈ ಚಾಸಿಸ್ ನಂಬರ್ ಕೂರಿಸಿ ಮಾರುವುದು. 2020ರಲ್ಲಿ ಲಕ್ನೋ ಪೊಲೀಸರು ಟೋಟಲ್ ಲಾಸ್ ಕಾರುಗಳ ದಾಖಲೆ ಬಳಸಿ ಇದನ್ನೇ ಮಾಡುತ್ತಿದ್ದ ಒಂದು ದೊಡ್ಡ ಜಾಲವನ್ನು ಹಿಡಿದಿದ್ದರು.

ನಮ್ಮ ಮನೆಗೆ ಬಂದವರು ಅಂಥವರು ಅಂತ ನಾನು ಹೇಳುವುದಿಲ್ಲ. ಅವರು ರಿಪೇರಿ ಮಾಡಿ ಮಾರುವವರೇ ಇರಬಹುದು. ಆದರೆ ಖಾಲಿ ಫಾರ್ಮಿಗೆ ಸೈನ್ ಹಾಕಿ ಕೊಟ್ಟ ಮೇಲೆ ಯಾರ ಕೈಗೆ ಹೋಯಿತು ಅಂತ ನಮಗೆ ಗೊತ್ತಾಗುವ ದಾರಿ ಇಲ್ಲ.

ಕಾರು ಕೊಟ್ಟಾಯಿತು, ಇನ್ನು ನಮಗೇನು ಅಂತ ಮಾವ ಕೇಳಿದರು. ಅದಕ್ಕೆ ಉತ್ತರ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ ಉಂಟು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್, 2018ರ ಫೆಬ್ರವರಿ. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ಹೋಯಿತು, ಆದರೆ ಆರ್‌ಟಿಒ ದಾಖಲೆಯಲ್ಲಿ ಹೆಸರು ಮಾತ್ರ ಮೊದಲಿನವರದ್ದೇ. 2009ರಲ್ಲಿ ಆ ಕಾರಿನಿಂದ ಅಪಘಾತ ಆಯಿತು. ಪರಿಹಾರ ಯಾರು ಕೊಡಬೇಕು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು ಅಂತ ಕೋರ್ಟ್ ಹೇಳಿತು. ಗಾಯಗೊಂಡವರು ಎಲ್ಲ ಕೈ ಬದಲಾವಣೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈಗ ಯೋಚನೆ ಮಾಡಿ. ಟೋಟಲ್ ಲಾಸ್ ಆದ ಮೇಲೆ ಮಾವನ ಪಾಲಿಸಿ ಮುಗಿದ ಹಾಗೆ. ಆ ಕಾರು ಎಲ್ಲೋ ರಿಪೇರಿಯಾಗಿ, ವಿಮೆ ಇಲ್ಲದೆ ಓಡಿ, ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ವಿಟ್ಲದ ನಮ್ಮ ಮನೆಗೆ. 20,000ಕ್ಕೆ ಕೊಂಡುಕೊಂಡ ಅಪಾಯಕ್ಕೆ ಮೇಲ್ಮಿತಿಯೇ ಇಲ್ಲ. ಅಡಿಕೆ ತೋಟ ಮಾರಿದರೂ ಸಾಲದೇ ಹೋಗಬಹುದು.

ಮಾವ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಇಪ್ಪತ್ತು ಸಾವಿರ ನನ್ನ ಹೆಸರಿನ ಬಾಡಿಗೆ ಅಲ್ವಾ ಹಾಗಾದ್ರೆ" ಅಂದರು. ಇಷ್ಟುದ್ದ ಪಾಠ ಮಾಡಿದ್ದು ನಾನು, ಒಂದೇ ಸಾಲಿನಲ್ಲಿ ಹೇಳಿದ್ದು ಅವರು.

ನಾವು ಮೊದಲನೇ ದಾರಿ ಹಿಡಿದೆವು. ಬ್ಯಾಂಕಿನಿಂದ ಸಾಲ ತೀರಿದ ಪತ್ರ, ಸಾಲದ ನಮೂದು ತೆಗೆಸಲಿಕ್ಕೆ ಫಾರ್ಮ್ 35, ಬಂಟ್ವಾಳ ಆರ್‌ಟಿಒಗೆ ಮೂರು ಸಲ ಓಡಾಟ. ನೋಂದಣಿ ರದ್ದಾದ ಪತ್ರ ಕೈಗೆ ಬರುವಾಗ ನವರಾತ್ರಿ ಬಂದಿತ್ತು. ಎರಡನೇ ದಾರಿಗಿಂತ ಎರಡು ತಿಂಗಳು ತಡ. ಅಷ್ಟು ದಿನ ಮಾವ ಬಸ್ಸಿನಲ್ಲೇ ಓಡಾಡಿದರು, ನನಗೆ ಆಗಾಗ ಬೈದರು ಕೂಡ.

ಎರಡನೇ ದಾರಿಯೇ ತಪ್ಪು ಅಂತ ಅಲ್ಲ. ಅದನ್ನು ಹಿಡಿಯುವವರು ಕೊಳ್ಳುವವನ ಹೆಸರು ತುಂಬಿಸಿಯೇ ಫಾರ್ಮ್ 29 ಮತ್ತು 30ಕ್ಕೆ ಸೈನ್ ಹಾಕಬೇಕು, ಅವನ ಗುರುತಿನ ದಾಖಲೆಯ ಪ್ರತಿ ಇಟ್ಟುಕೊಳ್ಳಬೇಕು, ಹಣ ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಬೇಕು, ಮಾರಿದ್ದನ್ನು 14 ದಿನದ ಒಳಗೆ ಆರ್‌ಟಿಒಗೆ ತಿಳಿಸಬೇಕು, ಹೆಸರು ಬದಲಾಯಿತಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡುತ್ತಾ ಇರಬೇಕು. ಕಾರು ರಿಪೇರಿಗೇ ಆಗದ ಹಾಗೆ ಇದ್ದರೆ, 2021ರ ನಿಯಮದಂತೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಡೆಪಾಸಿಟ್ ಸರ್ಟಿಫಿಕೇಟ್ ಪಡೆಯಬಹುದು.

ಆರನೇ ಪಾಠ: ನೀವು ಕೊಳ್ಳುವ ಬದಿಯಲ್ಲಿ ಇದ್ದರೆ

ಹಾಗೆ ಎದ್ದು ಬಂದ ಕಾರು ನಾಳೆ ನಮಗೇ ಸಿಗಬಹುದು. ಅದರಲ್ಲೂ ನೀರಿನಲ್ಲಿ ಮುಳುಗಿದ ಕಾರು. 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು. ಬೆಂಗಳೂರಿನ ಆ ಮಳೆಯಲ್ಲಿ ಮುಳುಗಿದ ಸುಮಾರು 11 ಲಕ್ಷದ ಒಂದು ಕಾರಿಗೆ 22 ಲಕ್ಷದ ಎಸ್ಟಿಮೇಟ್ ಬಂದದ್ದು ಆಗ ದೊಡ್ಡ ಸುದ್ದಿ ಆಗಿತ್ತು. ನಮ್ಮ ನೇತ್ರಾವತಿಯೂ ಕಮ್ಮಿ ಇಲ್ಲ. 1974ರ ನೆರೆಯ ಕಥೆ ಬಂಟ್ವಾಳದ ಅಜ್ಜಂದಿರು ಇವತ್ತಿಗೂ ಹೇಳುತ್ತಾರೆ, 2019ರ ಆಗಸ್ಟಿನಲ್ಲಿ ನಾವೇ ನೋಡಿದ್ದೇವೆ.

ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ:

ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ನೀರಿನಲ್ಲಿ ಮುಳುಗಿದ್ದರೆ ಕೆಳಗಿನ ಭಾಗದಲ್ಲಿ ಕೆಸರಿನ ಕಲೆ ಇರುತ್ತದೆ. ಒಂದೇ ಬೆಲ್ಟ್ ಹೊಸತಾಗಿದ್ದರೆ ಯಾಕೆ ಅಂತ ಕೇಳಿ.

ಕಾರ್ಪೆಟ್ ಎತ್ತಿ, ಸ್ಟೆಪ್ನಿ ಇಡುವ ಗುಂಡಿ ನೋಡಿ. ಮಣ್ಣು, ತುಕ್ಕು, ವಾಸನೆ.

ಇಗ್ನಿಷನ್ ಆನ್ ಮಾಡುವಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಅಥವಾ ಆರದೇ ಇದ್ದರೆ ಏರ್‌ಬ್ಯಾಗ್ ಇಲ್ಲದೆಯೂ ಇರಬಹುದು.

ಚಾಸಿಸ್ ನಂಬರನ್ನು ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಅದೇ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಹಳೆ ರಿಪೇರಿ ಚರಿತ್ರೆ ಕೇಳಿ. ಹಿಂದಿನ ಪಾಲಿಸಿಯ ಪ್ರತಿಯನ್ನೂ ಕೇಳಿ.

ಇನ್ನೊಂದು, ನಿಮ್ಮ ಕಾರೇ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿಯ ಹಾಗೆ ನೀರು ಸಂಕುಚಿತ ಆಗುವುದಿಲ್ಲ ಅಂತ ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಕಲಿಸಿದ್ದಾರಲ್ಲ. ಸಿಲಿಂಡರ್‌ನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀವೇ ಸ್ಟಾರ್ಟ್ ಮಾಡಿ ಆದ ಹಾನಿ ಅಂತ ಕಂಪನಿ ಇಂಜಿನ್ ಕ್ಲೇಮ್ ತಿರಸ್ಕರಿಸಬಹುದು. ಟೋ ಮಾಡಿಸಿ.

ಕೊನೆಗೆ ಒಂದು ಲೆಕ್ಕ

ಪಟ್ಟಿ ಬೆಲೆ 10 ಲಕ್ಷ. ಪಾಲಿಸಿ ಶುರುವಾಗುವಾಗ ಕಾರಿಗೆ 2 ವರ್ಷ 4 ತಿಂಗಳು. ಎಲ್ಲ ಕಡಿತ ಆದ ಮೇಲೆ ಸರ್ವೇಯರ್ ಬರೆದ ರಿಪೇರಿ ಖರ್ಚು 5 ಲಕ್ಷ. ಟೋಟಲ್ ಲಾಸ್ ಹೌದಾ ಅಲ್ಲವಾ?

ಐಡಿವಿ 7 ಲಕ್ಷ, ಗೆರೆ 5,25,000. ಅಲ್ಲ, ರಿಪೇರಿ. ಸರಿ ಬಂದವರು ಇವತ್ತು ಮನೆಗೆ ಫೋನ್ ಮಾಡಿ, ನಿಮ್ಮ ಮನೆಯ ಕಾರಿನ ಪಾಲಿಸಿಯ ಫೋಟೋ ತರಿಸಿ ಐಡಿವಿ ಎಷ್ಟು ಬರೆದಿದ್ದಾರೆ ಅಂತ ನೋಡಿ. ಮನೆಯವರು ಹಿಂದೆ ಯಾವುದಾದರೂ ಬೈಕೋ ಕಾರೋ ಗುಜರಿಗೆ ಕೊಟ್ಟಿದ್ದರೆ, ಆ ನಂಬರನ್ನೂ ಆ್ಯಪ್‌ನಲ್ಲಿ ಹಾಕಿ ನೋಡಿ. ನಮ್ಮ ಅಜ್ಜನ ಹಳೆ ಸ್ಕೂಟರ್ ಈಗಲೂ ಅಜ್ಜನ ಹೆಸರಿನಲ್ಲೇ ಉಂಟು ಅಂತ ಗೊತ್ತಾದದ್ದು ಹಾಗೆಯೇ. ಮುಂದಿನ ರಜೆಗೆ ನನಗೆ ಆರ್‌ಟಿಒದಲ್ಲಿ ಪುನಃ ಕೆಲಸ ಇದೆ.